ಮೇಲ್ಮುದ್ದಿ ಹೋತು, ತಂಪು ಉಳೀತು

ನಮ್ಮ ಲಕ್ಕುಂಡ್ಯಾಗ ಈಗ ಹೊಸಾ ಮನಿ ಅಂದ್ರ ಸ್ಲ್ಯಾಬಿನ ಮನಿ. ನಮ್ಮನ್ಯಾಗೂ ಆ ಮಾತು ಎದ್ದಾಗ ಅತ್ತಿ ಹಟ ಹಿಡಿದ್ರು. "ಮೇಲ್ಮುದ್ದಿ ಕೆಡವಿದ್ರ ಬ್ಯಾಸಗ್ಯಾಗ ನನ್ನ ಎಲ್ಲಿ ಮಲಗಸ್ತೀರಿ?" ಅಂದ್ರು. ನಾನು ಮಾತ್ರ ಕೆಡವೂಣು ಅಂದೆ. ಮಳಿಗಾಲದಾಗ ಸೋರೂ ಕಡೆಗೆಲ್ಲಾ ಬೋಗಾಣಿ ಇಟ್ಟಾಕಿ ನಾನು. 2019ರ ಆಗಸ್ಟ್ ಮಳ್ಯಾಗ ನಮ್ಮ ಕಡೆ ಎಷ್ಟು ಮಣ್ಣಿನ ಗ್ವಾಡಿ ಬಿದ್ದು ಅಂಬೂದು ನಿಮಗೂ ಗೊತ್ತೈತಿ. ಆಗ ರಾತ್ರಿಯೆಲ್ಲಾ ಮಕ್ಕಳ ತೆಲಿ ಮ್ಯಾಲಿನ ತೊಲಿ ನೋಡ್ಕೊಂತ ಕುಂತಿದ್ದೆ.

ಹಂಗಂತ ಅತ್ತಿ ಮಾತು ಸುಳ್ಳಲ್ಲ. ಜಂತಿ ಮ್ಯಾಲ ಮೊಳದಷ್ಟು ಮಣ್ಣು, ದಪ್ಪನ್ನ ಗ್ವಾಡಿ. ಬಿಸಲಿನ ಕಾವು ಅದನ್ನ ದಾಟಿ ಒಳಗ ಬರೂದ್ರಾಗ ಸಂಜಿ ಆಗಿರತೈತಿ. ಸ್ಲ್ಯಾಬು ತೆಳ್ಳಗ, ಐದಾರು ಇಂಚು. ಹಗಲೆಲ್ಲಾ ಕಾದು, ನಾವು ಮಲಗೂ ಹೊತ್ತಿಗೆ ಕಾವು ಕೆಳಗ ಬಿಡತೈತಿ. ಫ್ಯಾನ್ ಹಚ್ಚಿದ್ರ ಅದ ಬಿಸಿಗಾಳಿ ಮೈಮ್ಯಾಲ. ನಮ್ಮ ನೆಗೆಣ್ಣಿ ಮನ್ಯಾಗ ಕೂಲರ್ ಹಚ್ಚೇ ಮಲಗ್ತಾರ, ಕರೆಂಟ್ ಬಿಲ್ ಬಂದಾಗ ಮಾತ್ರ ಮಾರಿ ಸಣ್ಣದು ಮಾಡ್ತಾರ.

ಆಗ ಎಂಜಿನಿಯರಿಂಗ್ ಓದೂ ನಮ್ಮ ಮೈದುನನ ಮಗ ಮೊಬೈಲಿನಾಗ ಒಂದು ಫೋಟೋ ತೋರಿಸಿದ. "ದೊಡ್ಡವ್ವ, ಇದು ಅಮೇರಿಕಾದ ಪಸಡೇನಾದಾಗಿನ ಗ್ಯಾಂಬಲ್ ಮನಿ. 1908ರಾಗ ಗ್ರೀನ್ ಅಂಬೋ ಅಣ್ಣ-ತಮ್ಮ ನಕ್ಷಾ ಹಾಕಿದ್ದು. ಕಟಗಿ ಕೆಲಸ ಮುಚ್ಚಿಲ್ಲ, ಸೂರು ಎಷ್ಟು ಮುಂದ ಬಂದೈತಿ ನೋಡು. ಜಪಾನಿನ ಮನಿ ನೋಡಿ ಕಲತಿದ್ರು." ಜಪಾನಿನ ಹಳೇ ಮನಿಗೆ ಸೂರಿನ ಕೆಳಗ ಎಂಗಾವಾ ಅಂತ ಹಲಗಿ ಹಾಸಿದ ಪಡಸಾಲಿ ಇರತೈತಂತ. ಅತ್ತಿ ಚಸ್ಮಾ ಏರಿಸಿ ನೋಡಿ, "ಇದು ನಮ್ಮ ಕಟ್ಟೀನ ಅಲ್ಲೇನಲೇ?" ಅಂದ್ರು. ಜಗಳ ಅಲ್ಲಿಗೆ ಹರೀತು.

ಸೋರಬಾರ್ದಂತ ಸ್ಲ್ಯಾಬ ಹಾಕಿದ್ವಿ. ಆದ್ರ ಮುಂದ ಕಟ್ಟಿ ಬಿಟ್ವಿ, ಸುತ್ತ ಮೂರು ಫೂಟು ಸೂರು ಬಿಟ್ವಿ. "ಸುಮ್ಮನ ರೊಕ್ಕ ದಂಡ" ಅಂದ ಗೌಂಡಿಗೆ ಅತ್ತಿ, "ಅತ್ತಿಮಬ್ಬಿ ಬಸದಿ ಮಂಟಪದಾಗ ಮಧ್ಯಾಹ್ನ ಒಮ್ಮೆ ಕುಂತು ಬಾ" ಅಂದ್ರು. ಸಂಜಿ ಬಿಸಲು ಅಡ್ಡ ಬೀಳತೈತಿ, ಸೂರು ಅದನ್ನ ತಡಿಯೂದಿಲ್ಲ. ಅದಕ್ಕ ಪಡುವಣಕ್ಕ ಕಿಡಕಿ ಇಡದ ಬಚ್ಚಲಾ, ಕಾಳಿನ ಖೋಲಿ ಮಾಡಿದ್ವಿ. ನಡುಮನಿಗೆ ಹಳೇ ಬೆಳಕಿಂಡಿಯಂಗ ಎತ್ತರದ ಕಿಂಡಿ ಇಟ್ವಿ, ಬಿಸಿಗಾಳಿ ಮ್ಯಾಲೇರಿ ಹೊರಗ ಹೋಗತೈತಿ, ಹಗಲು ಲೈಟೂ ಬೇಕಾಗೂದಿಲ್ಲ. ಸ್ಲ್ಯಾಬಿನ ಮ್ಯಾಲ ವರ್ಷಾ ಬ್ಯಾಸಗಿ ಮುಂದ ಬಿಳಿ ಸುಣ್ಣಾ ಹಚ್ಚತೀವಿ. ಹಳೇ ತೊಲಿಗಳು ಕಟ್ಟಿಗೆ ಕಂಬಾದುವು. ಆ ರೊಕ್ಕ ಹೊಂದಸಾಕ ಪಿಓಪಿ ಮಾಳಿಗಿ, ಥಳಥಳ ಟೈಲ್ಸ್ ಬಿಟ್ವಿ.

ಖರೇ ಹೇಳಬೇಕಂದ್ರ, ಮೇಲ್ಮುದ್ದಿಯಷ್ಟು ತಂಪು ಇಲ್ಲ. ಮೇ ತಿಂಗಳ ಮಧ್ಯಾಹ್ನ ಫ್ಯಾನ್ ಬೇಕ ಬೇಕು. ಆದ್ರ ಕೂಲರ್ ಇನ್ನೂ ತಂದಿಲ್ಲ. ಅತ್ತಿ ಕಟ್ಟಿ ಮ್ಯಾಲ ಗೊರಕಿ ಹೊಡೀತಾರ. ಮಳಿ ಶುರುವಾದ್ರ ನಾನೂ ಹೊರಳಿ ಮಲಗತೀನಿ. ಬೋಗಾಣಿ ಅಡಗಿಮನ್ಯಾಗ ಅದಾವ.

ನೀವು ಮನಿ ಕಟ್ಟೂ ಮುಂದ ಗೌಂಡಿಗೆ ಬಣ್ಣ ಯಾವುದಂತ ಕೇಳೂಕಿಂತ ಮೊದಲು, ಸೂರು ಎಷ್ಟು ಮುಂದ ಬಿಡ್ತೀ ಅಂತ ಕೇಳ್ರೆವ್ವಾ.