ಹೊಸದು ಬರಲಿ, ಆಮೇಲೆ

ಪ್ರೌಢಶಾಲೆಯ ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ಗಾದೆಯನ್ನು ವಿಸ್ತರಿಸಿ ಬರೆಯುವ ಪ್ರಶ್ನೆಯೊಂದು ಇದ್ದೇ ಇರುತ್ತಿತ್ತೆಂಬುದು ಓದುಗ ಮಿತ್ರರಲ್ಲಿ ಹಲವರಿಗೆ ನೆನಪಿರಬಹುದು. ‘ತಾಳಿದವನು ಬಾಳಿಯಾನು’ ಎಂಬ ಗಾದೆಯ ಮೇಲೆ ನನ್ನ ವೃತ್ತಿಜೀವನದಲ್ಲಿ ನಾನು ತಿದ್ದಿದ ಉತ್ತರಗಳು ಸಾವಿರಕ್ಕೆ ಕಡಿಮೆಯಿರಲಾರವು. ಆದರೆ ತಾಳುವುದು ಬೇರೆ, ಮುಂದೂಡುವುದು ಬೇರೆ ಎಂದು ಒಬ್ಬ ವಿದ್ಯಾರ್ಥಿಯೂ ಬರೆದಿರಲಿಲ್ಲ, ನಾನೂ ಹೇಳಿಕೊಟ್ಟಿರಲಿಲ್ಲ. ಆ ಪಾಠವನ್ನು ನಾನು ಕಲಿತದ್ದು ನಿವೃತ್ತನಾದ ಮೇಲೆ, ಊಟದ ತಟ್ಟೆಗಿಂತ ಚಿಕ್ಕದಾದ ಒಂದು ಗಣಕಯಂತ್ರದ ದೆಸೆಯಿಂದ.

2016ರ ಮೇ ತಿಂಗಳ ಕೊನೆಯ ದಿನ ಹಾರ ತುರಾಯಿಗಳೊಂದಿಗೆ ನಾನು ಹೂಟಗಳ್ಳಿಯ ಮನೆಗೆ ಮರಳಿದೆ. ಹೂಟಗಳ್ಳಿಯನ್ನು ಬಲ್ಲವರಿಗೆ ಹೇಳಬೇಕಾದುದಿಲ್ಲ. ಒಂದು ಕಾಲಕ್ಕೆ ಮೈಸೂರಿನ ಹೊರಗಿನ ಹಳ್ಳಿಯಾಗಿದ್ದದ್ದು, ಕೈಗಾರಿಕಾ ಪ್ರದೇಶ, ಗೃಹಮಂಡಳಿಯ ಬಡಾವಣೆಗಳನ್ನು ಮೈಗೂಡಿಸಿಕೊಂಡು ಈಗ ನಗರಸಭೆಯೇ ಆಗಿಬಿಟ್ಟಿದೆ. ಪಕ್ಕದಲ್ಲೇ ಇನ್ಫೋಸಿಸ್ಸಿನ ವಿಶಾಲವಾದ ತರಬೇತಿ ಆವರಣ. ದೇಶದ ಮೂಲೆಮೂಲೆಗಳಿಂದ ಬಂದ ತರುಣ ತರುಣಿಯರು ಅಲ್ಲಿ ತಂತ್ರಾಂಶದ ವಿದ್ಯೆ ಕಲಿಯುತ್ತಿದ್ದರೆ, ಅವರ ನೆರೆಯವನಾದ ನನ್ನ ಮನೆಯಲ್ಲಿದ್ದದ್ದು 2004ರಲ್ಲಿ ಬಿಡಿಭಾಗ ಜೋಡಿಸಿ ಮಾಡಿಸಿದ, ಅಂಚೆಪೆಟ್ಟಿಗೆಯಷ್ಟು ದೊಡ್ಡ ಕಂಪ್ಯೂಟರು. ಬೆಳಿಗ್ಗೆ ಅದರ ಗುಂಡಿ ಒತ್ತಿ, ಅಡುಗೆಮನೆಗೆ ಹೋಗಿ ಡಿಕಾಕ್ಷನ್ ಇಳಿಸಿ, ಹಾಲು ಕಾಯಿಸಿ, ಕಾಫಿ ಬೆರೆಸಿಕೊಂಡು ಬಂದರೂ ಅದು ಇನ್ನೂ ಕಣ್ಣು ಬಿಡುತ್ತಿರುತ್ತಿತ್ತು. ಅದರಲ್ಲಿದ್ದ ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದೇ ತಯಾರಕರ ಬೆಂಬಲ ನಿಂತುಹೋಗಿತ್ತು.

ನಿವೃತ್ತಿಯ ನಂತರ ಮಾಡಬೇಕೆಂದು ಒಂದು ಕೆಲಸವನ್ನು ನಾನು ಬಹಳ ದಿನಗಳಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದೆ. ನನ್ನ ಸೋದರಮಾವ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಮೂವತ್ತು ವರ್ಷಗಳಿಗೂ ಮೀರಿ ಇಂಜಿನ್ ಜೋಡಿಸುವ ಮೇಜಿನಲ್ಲಿ ದುಡಿದವರು. ಜೆಕೊಸ್ಲೊವಾಕಿಯಾದ ಜಾವಾ ಮೋಟಾರ್ ಸೈಕಲ್ಲನ್ನು 1960ರ ದಶಕದ ಆರಂಭದಿಂದ ಮೈಸೂರಿನಲ್ಲಿ ತಯಾರಿಸಿದ ಆ ಕಾರ್ಖಾನೆ, 1970ರ ದಶಕದಲ್ಲಿ ತನ್ನ ಗಾಡಿಗೆ ಯೆಜ್ಡಿ ಎಂಬ ಹೆಸರಿಟ್ಟು, 1996ರಲ್ಲಿ ಬಾಗಿಲು ಮುಚ್ಚಿತು. ಕಾರ್ಖಾನೆಯ ಸೈರನ್ನಿನಿಂದ ಹಿಡಿದು ಕ್ಯಾಂಟೀನಿನ ಉಪ್ಪಿಟ್ಟಿನವರೆಗೆ ಮಾವನಿಗೆ ನೆನಪಿಲ್ಲದ ಸಂಗತಿಯಿರಲಿಲ್ಲ. ರಸ್ತೆಯಲ್ಲಿ ಹೋಗುವ ಗಾಡಿಯ ಸದ್ದು ಕೇಳಿಯೇ ಅದರ ಕಾಯಿಲೆಯನ್ನು ಹೇಳಬಲ್ಲವರಾಗಿದ್ದರು. ಅವರ ನೆನಪುಗಳನ್ನು ಅವರ ಮಾತಿನಲ್ಲಿಯೇ ಬರೆದುಕೊಂಡು ಒಂದು ಚಿಕ್ಕ ಪುಸ್ತಕ ಮಾಡಬೇಕು. ಯಂತ್ರದ ಒಂದೊಂದು ಭಾಗಕ್ಕೂ ಆ ಕೆಲಸಗಾರರು ಇಟ್ಟುಕೊಂಡಿದ್ದ ಹೆಸರುಗಳು ಯಾವ ನಿಘಂಟಿನಲ್ಲಿಯೂ ಇಲ್ಲ, ಅವನ್ನಾದರೂ ಉಳಿಸಬೇಕು ಎಂಬುದು ಕನ್ನಡ ಮೇಷ್ಟ್ರಾದ ನನ್ನ ಆಸೆ. ಮಾವನೂ ಉತ್ಸಾಹದಿಂದಿದ್ದರು. “ಬಾಯ್ಯಾ ಮೇಷ್ಟ್ರೇ, ಯಾವತ್ತು ಶುರು?” ಎಂದು ಸಿಕ್ಕಾಗಲೆಲ್ಲ ಕೇಳುತ್ತಿದ್ದರು.

ಹಳೆಯ ಯಂತ್ರದಲ್ಲಿ ಈ ಕೆಲಸ ಬೇಡವೆನಿಸಿತು. ಅದರಲ್ಲಿ ನಾನು ಬಳಸುತ್ತಿದ್ದದ್ದು ನುಡಿಯ ಹಳೆಯ ಆವೃತ್ತಿ. ಆ ಅಕ್ಷರಗಳು ಯೂನಿಕೋಡ್ ಅಲ್ಲವಾದ್ದರಿಂದ ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳ ಸಂತೆ ಕಾಣಿಸುತ್ತಿತ್ತು. ಮುನ್ನೂರು ಪುಟ ಬೆರಳಚ್ಚು ಮಾಡಿ ಮತ್ತೆ ಪರಿವರ್ತಿಸಿ ತಿದ್ದುವುದಕ್ಕಿಂತ, ಮೊದಲೇ ಒಳ್ಳೆಯ ಯಂತ್ರ ಕೊಂಡು ಯೂನಿಕೋಡಿನಲ್ಲಿಯೇ ಆರಂಭಿಸುವುದು ಜಾಣತನವಲ್ಲವೇ? ಮುಂದೂಡುವವನಿಗೆ ಕಾರಣಗಳಿಗೆ ಎಂದೂ ಬರವಿಲ್ಲ, ಮತ್ತು ಆ ಕಾರಣಗಳು ಸುಳ್ಳಾಗಿರುವುದೂ ಇಲ್ಲ!

ಬೆಂಗಳೂರಿನಲ್ಲಿ ತಂತ್ರಾಂಶದ ಉದ್ಯೋಗದಲ್ಲಿರುವ ಮಗಳು ಆ್ಯಪಲ್‌ನವರ ಮ್ಯಾಕ್ ಮಿನಿಯನ್ನು ಸೂಚಿಸಿದಳು. 2005ರ ಜನವರಿಯಲ್ಲಿ ಮೊದಲ ಬಾರಿಗೆ ಬಂದ ಈ ಯಂತ್ರದ ವೈಶಿಷ್ಟ್ಯವೆಂದರೆ ಅದರ ಗಾತ್ರ. ಪೆಟ್ಟಿಗೆಯಲ್ಲಿ ತೆರೆಯಿಲ್ಲ, ಕೀಲಿಮಣೆಯಿಲ್ಲ, ಮೌಸ್ ಇಲ್ಲ. ಇರುವುದು ಅಂಗೈಯ ಮೇಲೆ ಹೊತ್ತು ನಡೆಯಬಹುದಾದ ಚಪ್ಪಟೆಯ ಲೋಹದ ಡಬ್ಬಿಯೊಂದೇ. ಮಿಕ್ಕದ್ದನ್ನು ನಮ್ಮಲ್ಲಿರುವುದರಿಂದಲೇ ಹೊಂದಿಸಿಕೊಳ್ಳಬೇಕು. ಮೇಷ್ಟ್ರ ಮೇಜಿಗೂ ಪಿಂಚಣಿದಾರನ ಜೇಬಿಗೂ ಒಪ್ಪುವ ವಸ್ತುವೆನಿಸಿತು. ಕೊಂಡುಬಿಡೋಣವೆಂದರೆ ಮಗಳು ತಡೆದಳು.

“ಅಪ್ಪ, ಸ್ವಲ್ಪ ತಾಳು. ಈಗಿರೋದು 2014ರ ಅಕ್ಟೋಬರಿನ ಮಾದರಿ. ಹೊಸದು ಇವತ್ತೋ ನಾಳೆಯೋ ಬರುತ್ತೆ. ಹಳೇದಕ್ಕೆ ಯಾಕೆ ದುಡ್ಡು ಸುರೀತೀಯ?”

ಅವಳ ಮಾತಿನಲ್ಲಿ ಹುರುಳಿತ್ತು. 2014ರ ಮಾದರಿಯಲ್ಲಿ ಹಿಂದಿನದರಲ್ಲಿದ್ದ ನಾಲ್ಕು ತಿರುಳಿನ ಸಂಸ್ಕಾರಕದ ಆಯ್ಕೆಯನ್ನು ಕೈಬಿಟ್ಟಿದ್ದರು. ಸ್ಮೃತಿಕೋಶವನ್ನು ಒಳಗೇ ಬೆಸೆದುಬಿಟ್ಟಿದ್ದರಿಂದ ಆಮೇಲೆ ಹೆಚ್ಚಿಸಿಕೊಳ್ಳುವಂತಿರಲಿಲ್ಲ. ಹೀಗಾಗಿ ಜಗತ್ತಿನಾದ್ಯಂತ ಅನೇಕರು ಮುಂದಿನ ಮಾದರಿಗೆ ಕಾಯುತ್ತಿದ್ದರು. ನಾನೂ ಆ ಸಾಲಿನ ಕೊನೆಯಲ್ಲಿ ಹೋಗಿ ನಿಂತೆ. 2016 ಕಳೆಯಿತು. 2017ರ ಬೇಸಿಗೆಯೂ ಕಳೆಯಿತು. ಆ ವರ್ಷದ ಅಕ್ಟೋಬರಿನಲ್ಲಿ ಸಂಸ್ಥೆಯ ಮುಖ್ಯಸ್ಥ ಟಿಮ್ ಕುಕ್ ಒಬ್ಬ ಗ್ರಾಹಕನ ಪತ್ರಕ್ಕೆ ಉತ್ತರಿಸುತ್ತ, ಮುಂದಿನ ದಿನಗಳಲ್ಲಿಯೂ ಈ ಯಂತ್ರಕ್ಕೆ ಮುಖ್ಯ ಸ್ಥಾನವಿರುತ್ತದೆ ಎಂಬ ಭರವಸೆ ಕೊಟ್ಟದ್ದು ಸುದ್ದಿಯಾಯಿತು. ಯಾವಾಗ ಎಂಬುದನ್ನು ಮಾತ್ರ ಹೇಳಿರಲಿಲ್ಲ. ಆದರೂ ನನಗೆ ಅಷ್ಟೇ ಸಾಕಾಯಿತು. ನೆಂಟರು ಬಂದೇ ಬರುತ್ತಾರೆಂದು ಅಕ್ಕಿ ನೆನೆಹಾಕಿ ಕುಳಿತವರಂತೆ ನಾನು ಮೇಜನ್ನು ಒರೆಸಿ ಸಿದ್ಧಮಾಡಿಟ್ಟುಕೊಂಡೆ.

ಇದರ ನಡುವೆ, 2017ರ ಸಂಕ್ರಾಂತಿಯ ದಿನದ ಒಂದು ಸಂಜೆಯನ್ನು ನಾನು ಮರೆಯಲಾರೆ. ಎಳ್ಳು ಬೆಲ್ಲ ಹಿಡಿದು ಬಂದ ಮಾವ ಜಗಲಿಯ ಮೇಲೆ ಕುಳಿತವರೇ, ಜಾವಾ ಗಾಡಿಯ ಗೇರಿನ ಸನ್ನೆಗೋಲೇ ಕಿಕ್ಕರ್ ಕೂಡ ಆಗುವ ಚಮತ್ಕಾರವನ್ನು ವಿವರಿಸತೊಡಗಿದರು. “ಒಂದೇ ಕೋಲು ಕಣಯ್ಯಾ. ಒಳಕ್ಕೆ ಅದುಮಿ ಮೇಲಕ್ಕೆ ತಿರುಗಿಸು, ಕಿಕ್ಕರ್. ಸ್ಟಾರ್ಟ್ ಆದಮೇಲೆ ಕೆಳಕ್ಕಿಳಿಸು, ಗೇರು. ಅದನ್ನು ಕೂರಿಸೋವಾಗ ನಮ್ಮ ಮೇಜಿನೋರು ಏನಂತಿದ್ರು ಗೊತ್ತಾ...” ನಾನು ಕೈಗೆ ಸಿಕ್ಕ ಹಳೆಯ ಹಾಜರಿ ಪುಸ್ತಕದ ಕೊನೆಯ ಹಾಳೆಗಳಲ್ಲಿ ಒಂದಷ್ಟು ಪದಗಳನ್ನು ಗೀಚಿಕೊಂಡೆ. ಹನ್ನೊಂದು ಪದಗಳಾದವು. ಅನಂತರ ಪುಸ್ತಕ ಮುಚ್ಚಿ, “ಮಾವ, ಹೀಗೆ ಚೂರುಚೂರಾಗಿ ಬೇಡ. ಹೊಸ ಕಂಪ್ಯೂಟರ್ ಬರಲಿ, ಆಮೇಲೆ ಮೊದಲಿಂದ ಕ್ರಮವಾಗಿ ಕೂತು ಮಾಡೋಣ” ಎಂದೆ.

ಮಾವ ನಕ್ಕರು. “ಅದು ಬರೋವರೆಗೆ ನಾನು ಬಾಯಿ ಮುಚ್ಚಿಕೊಂಡಿರಬೇಕೇನಯ್ಯಾ?” ಎಂದರು. ಅದನ್ನು ತಮಾಷೆಯೆಂದೇ ತಿಳಿದು ನಾನೂ ನಕ್ಕೆ.

2018ರ ಜುಲೈ ತಿಂಗಳಲ್ಲಿ ಮಾವನಿಗೆ ಪಾರ್ಶ್ವವಾಯುವಾಯಿತು. ಕೈಕಾಲುಗಳು ತಕ್ಕಮಟ್ಟಿಗೆ ಚೇತರಿಸಿಕೊಂಡವು, ಆದರೆ ಮಾತು ಹೋಯಿತು. ನಾವು ಹೇಳಿದ್ದೆಲ್ಲವೂ ಅವರಿಗೆ ತಿಳಿಯುತ್ತಿತ್ತು. ಅವರೊಳಗೂ ಎಲ್ಲವೂ ಇತ್ತೆಂದು ಕಣ್ಣು ನೋಡಿದರೇ ತಿಳಿಯುತ್ತಿತ್ತು. ಪದ ಮಾತ್ರ ಬಾಯಿಗೆ ಬರುತ್ತಿರಲಿಲ್ಲ. ಮೆದುಳಿನಲ್ಲಿ ಮಾತಿಗೆ ಸಂಬಂಧಿಸಿದ ಭಾಗಕ್ಕೆ ಪೆಟ್ಟಾದರೆ ಹೀಗಾಗುತ್ತದೆಂದು ವೈದ್ಯರು ವಿವರಿಸಿದರು. ಲೋಟವನ್ನು ತೋರಿಸಿ ‘ಅದು... ಅದು...’ ಎಂದು ತಡವರಿಸಿ, ಕೊನೆಗೆ ಕೈಚೆಲ್ಲಿ ಮುಖ ತಿರುಗಿಸಿಬಿಡುತ್ತಿದ್ದರು.

ಆ ವರ್ಷದ ಅಕ್ಟೋಬರ್ 30ರಂದು ಹೊಸ ಮ್ಯಾಕ್ ಮಿನಿ ಬಿಡುಗಡೆಯಾಯಿತು. ಹಿಂದಿನ ಮಾದರಿಯ ಪ್ರಕಟಣೆಯಿಂದ ಲೆಕ್ಕ ಹಾಕಿದರೆ ನಾಲ್ಕು ವರ್ಷ ಎರಡು ವಾರ, ಅಂದರೆ 1475 ದಿನಗಳು. ಅಮೆರಿಕದಲ್ಲಿ ಆರಂಭದ ಬೆಲೆ 499 ಡಾಲರಿನಿಂದ 799 ಡಾಲರಿಗೆ ಏರಿತ್ತು. ನಾಲ್ಕು ತಿರುಳಿನ ಸಂಸ್ಕಾರಕ ಮರಳಿತ್ತು, ಸ್ಮೃತಿಕೋಶವನ್ನು ಬದಲಿಸುವ ಅವಕಾಶವೂ ಮರಳಿತ್ತು. ಕಾದವರಿಗೆ ನ್ಯಾಯ ಸಿಕ್ಕಿತೆಂದು ಮಗಳು ಸಂಭ್ರಮದಿಂದ ಫೋನು ಮಾಡಿದಳು.

ಅದಾದ ಹದಿನಾರನೆಯ ದಿನ, ನವೆಂಬರ್ 15ರಂದು, ಮತ್ತೊಂದು ಹೊಸ ಮಾದರಿ ಬಂತು. ಇಪ್ಪತ್ತೆರಡು ವರ್ಷಗಳ ಹಿಂದೆ ಮೈಸೂರಿನಲ್ಲಿ ನಿಂತುಹೋಗಿದ್ದ ಜಾವಾ, ಬೇರೆ ಕಂಪನಿಯ ಕೈಯಲ್ಲಿ, ಮಧ್ಯಪ್ರದೇಶದ ಪೀಥಂಪುರದ ಕಾರ್ಖಾನೆಯಿಂದ ಮರುಹುಟ್ಟು ಪಡೆದಿತ್ತು. ಪತ್ರಿಕೆಯಲ್ಲಿ ಬಂದ ಅದರ ಚಿತ್ರವನ್ನು ಕತ್ತರಿಸಿಕೊಂಡು ನಾನು ಮಾವನ ಮನೆಗೆ ಹೋದೆ.

ಅವರು ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಪೆಟ್ರೋಲ್ ಟ್ಯಾಂಕಿನ ಮೇಲೆ ಬೆರಳಾಡಿಸಿದರು, ಮುಖ ಅರಳಿತು. ಬೆರಳು ಇಂಜಿನ್ನಿನ ಮೇಲಕ್ಕೆ ಇಳಿದು, ಅಲ್ಲಿ ಏನನ್ನೋ ಹುಡುಕುವಂತೆ ಹಿಂದಕ್ಕೂ ಮುಂದಕ್ಕೂ ಸರಿಯಿತು. ಹೊಸ ಗಾಡಿಗೆ ಕಿಕ್ಕರ್ ಇಲ್ಲ. ಗುಂಡಿ ಒತ್ತಿದರೆ ಹೊರಡುತ್ತದೆ. ಮಾವ ನನ್ನತ್ತ ನೋಡಿ, ಎಡಗೈಯನ್ನು ಗಾಳಿಯಲ್ಲಿ ಒಳಕ್ಕೆ ಅದುಮಿ ಮೇಲಕ್ಕೆ ತಿರುಗಿಸಿ ತೋರಿಸಿದರು. ತುಟಿಗಳು ಅಲುಗಿದವು. ಆ ಕೋಲಿಗೆ ಅವರ ಮೇಜಿನವರು ಇಟ್ಟಿದ್ದ ಹೆಸರು ನನ್ನ ಹಾಜರಿ ಪುಸ್ತಕದಲ್ಲಿತ್ತು, ಅದೃಷ್ಟವಶಾತ್ ನನಗೆ ನೆನಪೂ ಇತ್ತು. ನಾನು ಅದನ್ನು ಹೇಳಿದೆ. ಮಾವ ನನ್ನ ಕೈಯನ್ನು ಬಲವಾಗಿ ಹಿಡಿದುಕೊಂಡು ಮಗುವಿನಂತೆ ಅತ್ತರು. ನನ್ನ ಕಣ್ಣೂ ಒಣಗಿರಲಿಲ್ಲ. ಆ ಹನ್ನೊಂದು ಪದಗಳಾಚೆಗೆ ನನ್ನ ಬಳಿ ಏನೂ ಇಲ್ಲವಲ್ಲ ಎಂಬುದು ಅಂದು ನನಗೆ ಸ್ಪಷ್ಟವಾಯಿತು.

2019ರ ಜನವರಿಯಲ್ಲಿ ಹೊಸ ಯಂತ್ರ ಮನೆಗೆ ಬಂತು. ನಿಮಿಷದೊಳಗೆ ಕಣ್ಣು ಬಿಡುವ ಒಳ್ಳೆಯ ಯಂತ್ರ. ಅದರ ಮೇಲೆ ನನ್ನದೇನೂ ದೂರಿಲ್ಲ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಇನ್ನೊಂದು ಗಾದೆಯನ್ನೂ ನಾನು ಎಷ್ಟೋ ಸಲ ವಿಸ್ತರಿಸಿ ಬರೆಸಿದ್ದೆ. ಆದರೆ ನನ್ನ ವಿಷಯದಲ್ಲಿ ಆ ಗಾದೆಯೂ ಪೂರ್ತಿ ನಿಜವಲ್ಲ. ಹಲ್ಲಿದ್ದಾಗ ಕಡಲೆಯೂ ಇತ್ತು. ಹಾಜರಿ ಪುಸ್ತಕದಲ್ಲಿ ಖಾಲಿ ಹಾಳೆಗಳಿದ್ದವು, ಜೇಬಿನಲ್ಲಿ ಪೆನ್ನಿತ್ತು, ಜಗಲಿಯ ಮೇಲೆ ಮಾವನಿದ್ದರು. ಹುರಿಗಡಲೆಯೇ ಬೇಕೆಂದು ಕುಳಿತವನು ನಾನು. ತಡವಾದದ್ದು ಕಂಪ್ಯೂಟರಲ್ಲ.

ಮಾವ 2020ರ ಫೆಬ್ರವರಿಯಲ್ಲಿ ತೀರಿಕೊಂಡರು. ಹೊಸ ಯಂತ್ರದಲ್ಲಿ ನಾನು ಮಾಡಿದ ‘ಪುಸ್ತಕ’ ಎರಡೂವರೆ ಪುಟದ್ದು. ಅದನ್ನು ಅವರ ಮಕ್ಕಳಿಗೆ ಅಚ್ಚುಹಾಕಿಸಿ ಕೊಟ್ಟಿದ್ದೇನೆ.

2024ರ ಅಕ್ಟೋಬರಿನಲ್ಲಿ ಮ್ಯಾಕ್ ಮಿನಿ ಮತ್ತೆ ಹೊಸ ರೂಪ ತಳೆದು, ಹದಿಮೂರು ಸೆಂಟಿಮೀಟರಿಗೂ ಕಡಿಮೆ ಅಗಲದ ಪುಟ್ಟ ಡಬ್ಬಿಯಾಯಿತು. 2025ರಲ್ಲಿ ಬಂದ ಹೊಸ ಕಾರ್ಯಾಚರಣ ವ್ಯವಸ್ಥೆ ನನ್ನ 2018ರ ಯಂತ್ರಕ್ಕೆ ದೊರೆಯುವುದಿಲ್ಲ. ಅಷ್ಟು ದಿನ ಕಾಯಿಸಿದ್ದೂ ಕೊನೆಗೆ ಹಳೆಯದಾಯಿತು. “ಅಪ್ಪ, ಬದಲಾಯಿಸೋಣ. ಆದರೆ ಮುಂದಿನ ಮಾದರಿ ಬರೋವರೆಗೆ ತಾಳು” ಎಂದು ಮಗಳು ಹೇಳಿದಳು. ಆಗಲಮ್ಮ, ಅದು ಬಂದಾಗ ಬರಲಿ ಎಂದೆ.

ಮಾವನೊಂದಿಗೆ ಅದೇ ಮೇಜಿನಲ್ಲಿ ದುಡಿದ ಹಿರಿಯರೊಬ್ಬರು ಇನ್ನೂ ಇದ್ದಾರೆ. ಎಂಬತ್ತನ್ನು ದಾಟಿದ್ದಾರೆ, ಕಿವಿ ಮಂದ, ಮಾತು ಖಡಕ್. ಕಳೆದ ಎರಡು ತಿಂಗಳಿನಿಂದ ಪ್ರತಿ ಭಾನುವಾರ ಹೂಟಗಳ್ಳಿಯಿಂದ ಬಸ್ಸು ಹತ್ತಿ ಅವರ ಮನೆಗೆ ಹೋಗುತ್ತಿದ್ದೇನೆ. ನೂರು ಪುಟದ ನೋಟುಪುಸ್ತಕ, ಎರಡು ಪೆನ್ನು. ಮೊನ್ನೆಯವರೆಗೆ ಅರವತ್ತನಾಲ್ಕು ಪುಟಗಳಾಗಿವೆ. ಕ್ರಮವಿಲ್ಲ, ಅಧ್ಯಾಯಗಳಿಲ್ಲ, ಒಂದು ಮಾತಿನಿಂದ ಇನ್ನೊಂದಕ್ಕೆ ಅವರು ಹಾರುತ್ತಾರೆ, ನಾನೂ ಹಾರುತ್ತೇನೆ. ಮೊದಲ ಭಾನುವಾರ ನಾನು ಆ ಹನ್ನೊಂದು ಪದಗಳನ್ನು ಓದಿ ಹೇಳಿದಾಗ ಅವರು ಹತ್ತಕ್ಕೆ ತಲೆದೂಗಿ, ಒಂದನ್ನು ಮಾತ್ರ ಒಪ್ಪಲಿಲ್ಲ. “ನಿಮ್ಮ ಮಾವ ಹಾಗಂತಿದ್ರು. ನಾವು ಬೇರೆ ಹೆಸರು ಹೇಳ್ತಿದ್ವಿ” ಎಂದರು. ಎರಡನ್ನೂ ಬರೆದುಕೊಂಡಿದ್ದೇನೆ.