ಪುಟ್ಟ ಆಸ್ಕರ್‌ಗಳ ಊರಿನಲ್ಲಿ

ಲಾಸ್ ಏಂಜಲೀಸಿಗೆ ಬಂದವರು ಮೊದಲು ಹಾಲಿವುಡ್ ಗುಡ್ಡದ ಮೇಲಿನ ಬಿಳಿ ಅಕ್ಷರಗಳನ್ನು ಹುಡುಕಿಕೊಂಡು ಹೋಗುತ್ತಾರೆ. ನಾನು ಹೋದದ್ದು ನಗರದ ನಡುಮಧ್ಯದ ಪರ್ಶಿಂಗ್ ಸ್ಕ್ವೇರ್‌ಗೆ. ಆ ಚೌಕದ ಅಂಚಿನಲ್ಲೇ 1923ರಲ್ಲಿ ತೆರೆದ ಬಿಲ್ಟ್‌ಮೋರ್ ಹೋಟೆಲ್ ಇದೆ. ಒಳಗೆ ಕಾಲಿಟ್ಟರೆ ತಲೆ ತಾನಾಗಿ ಮೇಲಕ್ಕೆದ್ದುಬಿಡುತ್ತದೆ. ಛಾವಣಿಯ ಇಂಚಿಂಚಿನಲ್ಲೂ ಚಿತ್ರ, ಕೆತ್ತನೆ, ಮಾಸಿದ ಚಿನ್ನದ ಬಣ್ಣ. ಒಂದು ಓಣಿಯ ಗೋಡೆಯ ಮೇಲೆ ಹಳೆಯ ಆಸ್ಕರ್ ಔತಣದ ದೊಡ್ಡ ಕಪ್ಪು ಬಿಳುಪು ಫೋಟೊ. ಸಾಲು ಸಾಲು ಮೇಜುಗಳು, ನೂರಾರು ಮುಖಗಳು. ಅದರ ಮುಂದೆ ಎಷ್ಟು ಹೊತ್ತು ನಿಂತಿದ್ದೆನೋ!

1935ರ ಫೆಬ್ರವರಿ 27ರ ರಾತ್ರಿ ಇದೇ ಹೋಟೆಲಿನ ಬಿಲ್ಟ್‌ಮೋರ್ ಬೌಲ್ ಎಂಬ ಸಭಾಂಗಣದಲ್ಲಿ ಆರು ವರ್ಷದ ಶರ್ಲಿ ಟೆಂಪಲ್‌ಗೆ ಒಂದು ಪ್ರತಿಮೆ ಕೊಟ್ಟರು. ದೊಡ್ಡವರ ಆಸ್ಕರ್‌ನ ಸುಮಾರು ಅರ್ಧದಷ್ಟು ಎತ್ತರ, ಆಕಾರ ಮಾತ್ರ ಥೇಟ್ ಅದೇ. ಬಾಲಕಲಾವಿದರಿಗೆಂದೇ ಅಕಾಡೆಮಿ ಕೊಟ್ಟ ಮೊದಲ ಪ್ರಶಸ್ತಿ ಅದು. ಅದೇ ರಾತ್ರಿ ಶ್ರೇಷ್ಠ ನಟಿಯಾದ ಕ್ಲಾಡೆಟ್ ಕೋಲ್ಬರ್ಟ್ ತನಗೆ ಬರಲಾರದೆಂದು ನ್ಯೂಯಾರ್ಕ್ ರೈಲು ಹಿಡಿಯಲು ಹೋಗಿದ್ದರು. ಸುದ್ದಿ ತಿಳಿದು ಪ್ರಯಾಣದ ಉಡುಪಿನಲ್ಲೇ ಓಡಿಬಂದರು, ಅವರಿಗಾಗಿ ರೈಲನ್ನು ನಿಲ್ಲಿಸಿಕೊಂಡಿದ್ದರು. ಅವರ ಕೈಗೆ ಆಸ್ಕರ್ ಇಟ್ಟವಳು ಈ ಪುಟ್ಟ ಶರ್ಲಿ. ಮಲಗುವ ಹೊತ್ತು ಮೀರಿದ ಮಗುವೊಂದು ದೇಶದ ದೊಡ್ಡ ತಾರೆಗೆ ಪ್ರಶಸ್ತಿ ಕೊಡುತ್ತಿರುವ ಆ ಗಳಿಗೆಯನ್ನು ಅದೇ ಸೂರಿನಡಿ ನಿಂತು ಕಲ್ಪಿಸಿಕೊಂಡಾಗ ನನಗೆ ಮೈ ಜುಮ್ಮೆಂದಿತು.

ಆ ಪುಟ್ಟ ಪ್ರತಿಮೆ ಒಟ್ಟು 12 ಮಂದಿಯ ಕೈ ಸೇರಿತು. ಅವರಲ್ಲಿ ಜೂಡಿ ಗಾರ್ಲಂಡ್ ಇದ್ದರು, ಮಿಕಿ ರೂನಿ ಇದ್ದರು. ನನ್ನ ಮನಸ್ಸು ಮತ್ತೆ ಮತ್ತೆ ಹೋದದ್ದು ಪ್ರಾಗ್‌ನ ಇವಾನ್ ಯಾಂಡ್ಲ್ ಎಂಬ ಹುಡುಗನ ಕಡೆಗೆ. 'ದಿ ಸರ್ಚ್' ಚಿತ್ರದಲ್ಲಿ ಯುದ್ಧದಲ್ಲಿ ತಾಯಿಯಿಂದ ಅಗಲಿದ ಮಗುವಾಗಿ ನಟಿಸಿದವನು. ಇಂಗ್ಲಿಷ್ ಬಾರದೆ ಸಂಭಾಷಣೆಯನ್ನು ಬರೀ ಉಚ್ಚಾರಣೆಯಿಂದ ಬಾಯಿಪಾಠ ಮಾಡಿದ್ದ. ಪ್ರಶಸ್ತಿ ಬಂದಾಗ ಅವನ ದೇಶದ ಕಮ್ಯುನಿಸ್ಟ್ ಸರ್ಕಾರ ಅಮೆರಿಕಕ್ಕೆ ಹೋಗಲು ಬಿಡಲಿಲ್ಲ. 1961ರಲ್ಲಿ ಹೇಲಿ ಮಿಲ್ಸ್‌ಗೆ ಕೊಟ್ಟ ಮೇಲೆ ಈ ಪ್ರಶಸ್ತಿ ನಿಂತೇಹೋಯಿತು. ಮಕ್ಕಳು ಆಮೇಲೆ ದೊಡ್ಡವರ ಜೊತೆಗೇ ಸ್ಪರ್ಧಿಸಿದರು, ಗೆದ್ದರು ಕೂಡ. 1974ರಲ್ಲಿ ಟೇಟಮ್ ಓನೀಲ್ 'ಪೇಪರ್ ಮೂನ್' ಚಿತ್ರಕ್ಕಾಗಿ ಪೋಷಕ ನಟಿ ಪ್ರಶಸ್ತಿ ಪಡೆದಾಗ ಆಕೆಗೆ ಹತ್ತು ವರ್ಷ.

ಪರ್ಶಿಂಗ್ ಸ್ಕ್ವೇರ್‌ನಿಂದ ಮೆಟ್ರೊ ಹತ್ತಿ ಹಾಲಿವುಡ್–ಹೈಲ್ಯಾಂಡ್ ನಿಲ್ದಾಣದಲ್ಲಿ ಇಳಿದೆ. ಮೇಲೆ ಬಂದರೆ ಬೇರೆಯದೇ ಲೋಕ: ಡಾಲ್ಬಿ ಥಿಯೇಟರ್, ಅದರ ಪಕ್ಕದಲ್ಲೇ ಚೈನೀಸ್ ಥಿಯೇಟರ್. ಅಂಗಳದ ಸಿಮೆಂಟಿನಲ್ಲಿ ತಾರೆಯರ ಹೆಜ್ಜೆಗಳು. ಆಸ್ಕರ್ ಸಿಕ್ಕ ಮುಂದಿನ ತಿಂಗಳೇ ಒತ್ತಿದ ಶರ್ಲಿಯ ಹೆಜ್ಜೆಗಳನ್ನು ಹುಡುಕಿದೆ. ಬರಿಗಾಲಿನವು! ಹಲ್ಲೊಂದು ಬಿದ್ದಿತ್ತಂತೆ, ಫೋಟೊದವರ ಕಣ್ಣು ಬಾಯಿಯ ಕಡೆ ಹೋಗದಿರಲೆಂದು ಶೂ ಕಳಚಿದಳಂತೆ. ನಾನು ಕೂತು ಅಂಗೈ ಇಟ್ಟು ನೋಡಿದೆ. ಆ ಪಾದ ನನ್ನ ಅಂಗೈಯೊಳಗೇ ಮುಗಿದುಹೋಯಿತು.

ಇದೇ ಊರಿನ ಇನ್ನೊಂದು ಕತೆಯನ್ನೂ ಹೇಳಲೇಬೇಕು. ಚಾಪ್ಲಿನ್ ಜೊತೆ 'ದಿ ಕಿಡ್'ನಲ್ಲಿ ನಟಿಸಿ ಲೋಕವನ್ನೇ ಅಳಿಸಿದ ಜಾಕಿ ಕೂಗನ್ ಬಾಲ್ಯದಲ್ಲಿ ಲಕ್ಷಾಂತರ ಡಾಲರ್ ದುಡಿದ. 21 ತುಂಬಿದಾಗ ಹಣ ಎಲ್ಲಿ ಎಂದು ಕೇಳಿದರೆ ತಾಯಿ, ಮಲತಂದೆ ಖರ್ಚು ಮಾಡಿಬಿಟ್ಟಿದ್ದರು. ಆತ ನ್ಯಾಯಾಲಯಕ್ಕೆ ಹೋದದ್ದರಿಂದಲೇ 1939ರಲ್ಲಿ ಕ್ಯಾಲಿಫೋರ್ನಿಯಾ ಕೂಗನ್ ಕಾಯ್ದೆ ತಂದಿತು. ಈಗ ಅಲ್ಲಿ ಬಾಲಕಲಾವಿದರ ಸಂಪಾದನೆಯ ಶೇ. 15ರಷ್ಟು ಮಗುವಿನ ಹೆಸರಿನ ಖಾತೆಗೆ ಹೋಗಲೇಬೇಕು. 1950ರಲ್ಲಿ ಪುಟ್ಟ ಆಸ್ಕರ್ ಹಿಡಿದ ಬಾಬಿ ಡ್ರಿಸ್ಕಲ್, ಡಿಸ್ನಿಯ ಪೀಟರ್ ಪ್ಯಾನ್‌ಗೆ ದನಿಯಾದವನು, 31ನೇ ವಯಸ್ಸಿನಲ್ಲಿ ನ್ಯೂಯಾರ್ಕಿನ ಪಾಳುಬಿದ್ದ ಕಟ್ಟಡದಲ್ಲಿ ಸತ್ತುಬಿದ್ದಿದ್ದ. ಗುರುತು ಸಿಗದೆ ಅನಾಥ ಶವವಾಗಿ ಹೂತರು. ಅಂಗಳದ ತುಂಬ ನಗುವ ಪ್ರವಾಸಿಗರ ನಡುವೆ ಇದು ನೆನಪಾಗಿ ಗಂಟಲು ಕಟ್ಟಿತು.

ಕೊನೆಗೆ ನಗರದ ಪಶ್ಚಿಮಕ್ಕೆ, ಯುಸಿಎಲ್‌ಎ ವಿಶ್ವವಿದ್ಯಾಲಯದ ಆವರಣಕ್ಕೆ ಹೋದೆ. ಕನ್ನಡಿಗರು ನೋಡಲೇಬೇಕಾದ ಜಾಗವೆಂದು ನನ್ನ ಭಾವನೆ. ಇಲ್ಲಿ ಸ್ಪ್ಯಾನಿಷ್ ಕಲಿಸುತ್ತಿದ್ದ, ಗಾದೆಗಳ ವಿದ್ವಾಂಸೆ ಶರ್ಲಿ ಅರೋರಾ ಬರೆದ 'ವಾಟ್ ದೆನ್, ರಾಮನ್?' ಕಾದಂಬರಿಯಿಂದಲೇ ನಮ್ಮ 'ಬೆಟ್ಟದ ಹೂವು' ಅರಳಿದ್ದು. ಎನ್. ಲಕ್ಷ್ಮೀನಾರಾಯಣ್ ನಿರ್ದೇಶಿಸಿದ ಆ ಚಿತ್ರದಲ್ಲಿ ರಾಮು ಕಾಡಿನ ಹೂ ತಂದು ಮಾರಿ ಕುವೆಂಪು ಅವರ 'ಶ್ರೀರಾಮಾಯಣ ದರ್ಶನಂ' ಕೊಳ್ಳಲು ಕಾಸು ಕೂಡಿಡುತ್ತಾನೆ. ಕೊನೆಗೆ ಮನೆಯವರ ಚಳಿಗೆ ಕಂಬಳಿ ತರುತ್ತಾನೆ. ಆ ರಾಮುವಾಗಿ ಮಾಸ್ಟರ್ ಲೋಹಿತ್, ಅಂದರೆ ನಮ್ಮ ಪುನೀತ್ ರಾಜ್‌ಕುಮಾರ್, 1985ರ ಶ್ರೇಷ್ಠ ಬಾಲನಟ ರಾಷ್ಟ್ರಪ್ರಶಸ್ತಿ ಪಡೆದರು. ಎಲ್ಲಿಯ ಲಾಸ್ ಏಂಜಲೀಸ್, ಎಲ್ಲಿಯ ಕುವೆಂಪು! ಕ್ಯಾಂಪಸ್ಸಿನ ಇಟ್ಟಿಗೆ ಕಟ್ಟಡಗಳ ನಡುವೆ ನಡೆಯುತ್ತ ಈ ನಂಟಿಗೆ ಬೆರಗಾದೆ.

ಮಗುವಿನ ನಟನೆ ಆಟವಲ್ಲ, ಪೂರ್ತಿ ದುಡಿಮೆ. ಅದಕ್ಕೆ ಪ್ರತಿಮೆಯೂ ಸಲ್ಲಬೇಕು, ಕಾವಲೂ ಬೇಕು. ನಮ್ಮಲ್ಲೂ 2017ರ ಬಾಲಕಾರ್ಮಿಕ ನಿಯಮಗಳಲ್ಲಿ ಅದು ಸ್ಪಷ್ಟವಾಗಿದೆ: ದಿನಕ್ಕೆ ಐದು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ವಿರಾಮವಿಲ್ಲದೆ ಮೂರು ಗಂಟೆ ಮೀರುವಂತಿಲ್ಲ, ಗಳಿಕೆಯಲ್ಲಿ ಕನಿಷ್ಠ ಶೇ. 20ರಷ್ಟನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಲ್ಲಿ ಠೇವಣಿ ಇಡಬೇಕು. ನಿಮ್ಮ ಮಗುವಿಗೆ ಸಿನಿಮಾದಿಂದಲೋ ರಿಯಾಲಿಟಿ ಶೋದಿಂದಲೋ ಕರೆ ಬಂದರೆ, ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಈ ಮೂರನ್ನೂ ಕೇಳಿ.