ಅಟ್ಟದಿಂದ ಇಳಿದ ಮಿಷನ್ನು

ಹಳೆ ಟೈಪ್‌ರೈಟರ್ ರಿಪೇರಿ ಮಾಡುವುದು ನನ್ನ ಹವ್ಯಾಸ ಎಂದರೆ ನೀವು ನಗುತ್ತೀರಿ. ನಗಿ, ನಮ್ಮವರೂ ನಕ್ಕಿದ್ದರು. "ಕಸೂತಿ, ಹೊಲಿಗೆ ಅಂದ್ರೆ ಸರಿ, ಇದೇನೇ ಕಬ್ಬಿಣದ ಸಹವಾಸ?" ಅಂತ.

ನಮ್ಮ ಮಾವ ಆಲ್ದೂರಿನ ಹತ್ತಿರ ಕಾಫಿ ತೋಟವೊಂದರಲ್ಲಿ ರೈಟರ್ ಆಗಿದ್ದರು. ಆಗ ಕಾಫಿಯನ್ನು ಕಾಫಿ ಬೋರ್ಡಿನ ಪೂಲಿಗೇ ಕೊಡಬೇಕಿತ್ತು. ಅದರ ಲೆಕ್ಕ, ಕಾಗದಪತ್ರಕ್ಕೆಂದು ಮನೆಯಲ್ಲೂ ಒಂದು ಇಂಗ್ಲಿಷ್ ರೆಮಿಂಗ್ಟನ್ ಇಟ್ಟುಕೊಂಡಿದ್ದರು. ಸಂಜೆಯಾದರೆ ಎರಡೇ ಬೆರಳಲ್ಲಿ ಟಕ್... ಟಕ್... "ಹೆಂಗಸರು ಮುಟ್ಟಬೇಡಿ, ಕೀ ಕೆಡುತ್ತೆ" ಎನ್ನುತ್ತಿದ್ದರು. ನಾನೋ ಕನ್ನಡ, ಇಂಗ್ಲಿಷ್ ಎರಡರಲ್ಲೂ ಜೂನಿಯರ್ ಪಾಸಾಗಿದ್ದವಳು! ಸೀನಿಯರ್‌ಗೆ ಫೀಜೂ ಕಟ್ಟಿದ್ದೆ. ಪರೀಕ್ಷೆಗೆ ಮೊದಲೇ ಧಾರೆ ಆಗಿಹೋಯಿತು. ಅಡಿಗೆಮನೆಯಲ್ಲಿ ಅಕ್ಕಿರೊಟ್ಟಿ ತಟ್ಟುತ್ತ ಆ ಸದ್ದು ಕೇಳಿದರೆ ಬೆರಳು ಹಿಟ್ಟಿನ ಮೇಲೆ ತಾನಾಗಿ ಓಡುತ್ತಿತ್ತು. ಬಾಯಿ ಮಾತ್ರ ಬಿಡಲಿಲ್ಲ. ಹೊಸ ಸೊಸೆ ನೋಡಿ.

1996ರಲ್ಲಿ ಪೂಲು ಮುಗಿಯಿತು. ಮಾವನವರಿಗೂ ವಯಸ್ಸಾಗಿತ್ತು, ಮಿಷನ್ನು ಅಟ್ಟ ಸೇರಿತು. ಅವರು ತೀರಿಹೋದ ಮೇಲೆ ಒಂದು ದಿನ ಗುಜರಿಯವನು ತಕ್ಕಡಿ ಹಿಡಿದು ಬಂದಾಗ ನಾನು ಅಡ್ಡ ನಿಂತೆ.

ಇಳಿಸಿ ನೋಡಿದರೆ ನಮ್ಮೂರಿನ ಮಳೆಗಾಲಗಳೆಲ್ಲ ಅದರೊಳಗೇ ಇದ್ದವು. ತುಕ್ಕು, ಬೂಷ್ಟು! ಮೊದಲು ಮಾಡಿದ್ದು ಪೆದ್ದುತನ. ಕೊಬ್ಬರಿ ಎಣ್ಣೆ ಸುರಿದೆ. ಚಳಿಗೆ ಅದು ಹೆಪ್ಪುಗಟ್ಟಿ, ಆಡುತ್ತಿದ್ದ ಕೀಗಳೂ ಕೂತುಬಿಟ್ಟವು. ನೀವು ಹಾಗೆ ಮಾಡಬೇಡಿ. ಅಕ್ಷರದ ಕಡ್ಡಿಗಳು ಕೂರುವ ಸೀಳುಗಳಿಗೆ ಎಣ್ಣೆಯೇ ಬೇಡ. ಹಳೆ ಹಲ್ಲುಜ್ಜುವ ಬ್ರಷ್ಷಿಗೆ ಸೀಮೆಎಣ್ಣೆ ಮುಟ್ಟಿಸಿ ಉಜ್ಜಿ, ಒಣಗಲು ಬಿಟ್ಟರಾಯಿತು. (ಒಲೆ ಹತ್ತಿರ ಬೇಡ, ದಮ್ಮಯ್ಯ!) ಕ್ಯಾರೇಜ್ ಓಡುವ ಹಳಿಗೆ ಮಾತ್ರ ಹೊಲಿಗೆ ಮಿಷನ್ನಿನ ಎಣ್ಣೆ, ಒಂದೇ ತೊಟ್ಟು. ಕಲ್ಲಿನಂತಾದ ರಬ್ಬರ್ ರೋಲರಿಗೆ ನಯವಾದ ಸ್ಯಾಂಡ್‌ಪೇಪರ್ ಹಗುರವಾಗಿ ಆಡಿಸಿ. ರಿಬ್ಬನ್ನು ಇವತ್ತಿಗೂ ಸಿಗುತ್ತೆ, ಕಷ್ಟವೆಲ್ಲ ಬಿಡಿಭಾಗದ್ದು. 1955ರಲ್ಲಿ ನಮ್ಮ ದೇಶದಲ್ಲೇ ಮೊದಲು ಟೈಪ್‌ರೈಟರ್ ತಯಾರಿಸಿದ ಗೋದ್ರೆಜ್‌ನವರೂ 2009ರಲ್ಲಿ ನಿಲ್ಲಿಸಿಬಿಟ್ಟರು. ಹಾಗಾಗಿ ಒಂದು ಸ್ಪ್ರಿಂಗಿಗೆಂದು ಇನ್ನೊಂದು ಹಳೆ ಮಿಷನ್ನು ತರುವುದು, ತಂದ ಮೇಲೆ ಅದನ್ನು ಬಿಚ್ಚಲು ಮನಸ್ಸು ಬಾರದೆ ಅದನ್ನೂ ರಿಪೇರಿ ಮಾಡುವುದು. ಹೀಗೇ ಈಗ ನಾಲ್ಕಾಗಿವೆ.

ಮಾವನವರದು ಸರಿಹೋದ ದಿನ ಹತ್ತೂ ಬೆರಳಲ್ಲಿ ಹೊಡೆದೆ. ಒಳಗಿಂದ ಅತ್ತೆ ಗೋಡೆ ಹಿಡಿದುಕೊಂಡು ಬಂದರು.

"ಅವರು ಇಷ್ಟು ಜೋರಾಗಿ ಹೊಡೀತಿರಲಿಲ್ಲ. ನಿಂಗೆ ಇದು ಬರ್ತಿತ್ತೇನೇ? ಯಾಕೆ ಹೇಳ್ಲಿಲ್ಲ?"

"ಯಾರೂ ಕೇಳ್ಲಿಲ್ಲವಲ್ಲ ಅತ್ತೆ" ಎಂದೆ.

ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ, "ಕನ್ನಡದಲ್ಲಿ ಹೊಡಿ, ನಾನೂ ಓದ್ತೀನಿ" ಎಂದರು.

ಕನ್ನಡದ್ದನ್ನು ಹುಡುಕಿ ತರಲು ಒಂದು ವರ್ಷವೇ ಹಿಡಿಯಿತು. ಅನಂತಸುಬ್ಬರಾವ್ ಅವರು ರೂಪಿಸಿದ ಆ ಕೀಲಿಮಣೆಯನ್ನು ನಾನು ಮರೆತಿದ್ದರೂ ಬೆರಳು ಮರೆತಿರಲಿಲ್ಲ. ಅಕ್ಷರ, ಗುಣಿತ, ಒತ್ತು ಎಂದು ತುಂಡು ತುಂಡಾಗಿ ಹೊಡೆದು ಪದ ಕಟ್ಟಬೇಕು. ಮೊದಲು ಹೊಡೆದದ್ದು 'ಅತ್ತೆ' ಅಂತ. ತಕಾರದ ಒತ್ತು ಸೊಟ್ಟಗೆ ಆಚೆ ಬಿತ್ತು. ಅವರು ಕನ್ನಡಕ ಏರಿಸಿ ನೋಡಿ, "ನನ್ನ ಕಾಲೂ ಹೀಗೇ ಅಲ್ವೇನೇ" ಎಂದು ನಕ್ಕರು.

ಆ ಒತ್ತು ಇನ್ನೂ ಸರಿಹೋಗಿಲ್ಲ.